ಬೈಗುಳದ ತೆಂಗಿನಮರ

ತಿಪಟೂರಿನ ಒಂದು ಚಿತ್ರಪ್ರದರ್ಶನದಲ್ಲಿ ಚಿತ್ರಗಳ ಕೆಳಗೆ ಅಂಟಿಸುವ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬರೆದವರ ಹೆಸರು, ಯಾವ ಬಗೆಯ ಕಲೆ, ಏನು ಬಳಸಿದ್ದಾರೆ, ಇಷ್ಟೇ. ಸಲೀಸು ಅಂದುಕೊಂಡಿದ್ದೆ, ದಂಡಿನಶಿವರದ ಶಿವಣ್ಣ, ಜಯಮ್ಮ ದಂಪತಿ ತಮ್ಮ ಸುರುಳಿ ಬಿಚ್ಚುವವರೆಗೆ.

ಕರಟ ಸುಟ್ಟ ಇದ್ದಿಲಿನಲ್ಲಿ ಬರೆದ ಎತ್ತರದ ತೆಂಗಿನಮರ. ತುದಿಯಲ್ಲಿ ಎಳನೀರಿಗೆ ಕೈ ಚಾಚಿರುವವರು ಸಾಕ್ಷಾತ್ ಶಿವಣ್ಣ. ಮರದ ಮೈಮೇಲೆ ಅಡ್ಡಗೆರೆ ಇರಬೇಕಾದ ಕಡೆಯೆಲ್ಲ ಒಂದೊಂದು ಸಾಲು ಬರಹ. ಬುಡದಿಂದ ಓದತೊಡಗಿದೆ. 'ಇಳೀರಿ ಅಂದ್ರೆ ಇಳೀಬೇಕು.' 'ಮೊಮ್ಮಕ್ಕಳ ಮುಂದೆ ಏನಿದು ಆಟ.' 'ಮಂಡಿಗೆ ಎಣ್ಣೆ ತಿಕ್ಕೋಳು ನಾನು.' ಓದುತ್ತಾ ಓದುತ್ತಾ ನನ್ನ ಕತ್ತೂ ಮರ ಹತ್ತಿತು.

ಇದು ಯಾವ ಬಗೆ ಅಂತ ಬರೆಯಲಿ? ಅಲ್ಲೇ ಇದ್ದ ಚಿತ್ರಕಲೆಯ ಮೇಷ್ಟರು ಇದು ಬರಹ ಅಂದರು. ಕನ್ನಡ ಮೇಷ್ಟರು ಇದು ಚಿತ್ರ ಅಂದರು. ಕೊನೆಗೆ ಶಿವಣ್ಣನವರನ್ನೇ ಕೇಳಿದೆ.

"ಮರ ನಾನು ಬರ್ದಿದ್ದು, ಗೆರೆ ಅವಳ್ದು. ಗೆರೆ ಇಲ್ದಿದ್ರೆ ಅದು ಕರೆಂಟ್ ಕಂಬ ಕಣಪ್ಪ," ಅಂದರು.

ಚೀಟಿಯಲ್ಲಿ ಇಬ್ಬರ ಹೆಸರೂ ಹಾಕಿದೆ. ಬಗೆಯ ಜಾಗದಲ್ಲಿ 'ಸಂಸಾರ' ಎಂದೂ, ಬಳಸಿದ್ದು ಎಂಬಲ್ಲಿ 'ಇದ್ದಿಲು, ಬೈಗುಳ' ಎಂದೂ ಬರೆದು ಅಂಟಿಸಿದೆ. ಅಂಟಿಸಿದ ಮೇಲೆ ಅಳುಕಾಯಿತು. ಜಯಮ್ಮ ಹತ್ತಿರ ಬಂದು ಅಕ್ಷರ ಅಕ್ಷರ ಓದಿದರು. ತಪ್ಪಾಯ್ತು ಅನ್ನಲು ನಾನು ಬಾಯಿ ತೆರೆದೆ.

"ಸರಿಯಾಗೇ ಐತೆ ಬುಡಿ," ಅಂದರು. "ಮರ ಇನ್ನೊಂಚೂರು ಉದ್ದ ಬರೀರಿ ಅಂತ ಇವ್ರಿಗೆ ಆಗ್ಲೇ ಹೇಳಿದ್ದೆ. ಹೇಳೋದು ಇನ್ನೂ ಬೇಕಾದಷ್ಟು ಐತೆ."