ಹಸಿರು ಸೀರೆ, ಕಿತ್ತಳೆ ಜಾಕೆಟು

1984ರ ಚಳಿಗಾಲದಲ್ಲಿ ನಾನು ಶಿಗ್ಗಾಂವಿಯಲ್ಲಿ ರಸ್ತೆ ಇಲಾಖೆಯ ಜೂನಿಯರ್ ಎಂಜಿನಿಯರ್ ಆಗಿದ್ದೆ. ಸವಣೂರಿನ ನಮ್ಮ ಮನೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದೆ. ಆಗ ಪುಣೆ–ಬೆಂಗಳೂರು ರಸ್ತೆಯ ಹಳೆಯ ಡಾಂಬರಿನ ಮೇಲೆ ಹೊಸ ಪದರು ಹಾಕುವ ಕೆಲಸ ನಡೆದಿತ್ತು. ರಸ್ತೆಯ ಅರ್ಧ ಭಾಗದಲ್ಲಿ ಕೆಲಸ, ಇನ್ನರ್ಧದಲ್ಲಿ ಲಾರಿ, ಬಸ್ಸುಗಳ ಓಡಾಟ. ಡಾಂಬರು ಸುರಿಯುವ ಮುಂಚೆ ಹಳೆಯ ರಸ್ತೆಯನ್ನು ಧೂಳಿಲ್ಲದಂತೆ ಗುಡಿಸಬೇಕು. ಆ ಕೆಲಸ ಪೂರ್ತಿ ಹೆಂಗಸರದು. ಬಗ್ಗಿ, ಲಾರಿಗಳಿಗೆ ಬೆನ್ನು ಮಾಡಿ, ಗುಡಿಸುತ್ತ ಮುಂದೆ ಸರಿಯುತ್ತಿದ್ದರು.

ಹೊರದೇಶದ ನೆರವಿನ ಯೋಜನೆ ಅದು. ಅದರ ಷರತ್ತಿನಂತೆ ಒಂದು ದಿನ ಜಾಕೆಟುಗಳ ಗಂಟು ಬಂದಿಳಿಯಿತು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ, ತೋಳಿಲ್ಲ, ಎದೆಗೂ ಬೆನ್ನಿಗೂ ಒಂದೊಂದು ಬೂದು ಪಟ್ಟಿ. ವಾಹನದ ದೀಪ ಬಿದ್ದರೆ ಆ ಪಟ್ಟಿ ಕನ್ನಡಿಯಂತೆ ಹೊಳೆಯುತ್ತದೆ. ದೂರದಿಂದಲೇ ಡ್ರೈವರನಿಗೆ ಆಳು ಕಾಣಲಿ ಎಂಬುದು ಅದರ ಉದ್ದೇಶ. ನಮ್ಮ ಕಡೆ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಹಾದು ಹೋಗುವ ಬಸ್ಸಿನವರು ನಮ್ಮ ಗಂಡಾಳುಗಳನ್ನು ಯಾವುದೋ ಕ್ಷೇತ್ರಕ್ಕೆ ಹೊರಟ ಯಾತ್ರಿಕರೆಂದು ತಿಳಿದು ಕೈಮುಗಿದದ್ದೂ ಉಂಟು.

ಗಂಡಸರು ಹಾಕಿಕೊಂಡರು. ಹೆಂಗಸರು ಒಬ್ಬರೂ ಮುಟ್ಟಲಿಲ್ಲ. ನಾನೇ ನನ್ನ ಸೀರೆಯ ಮೇಲೆ ಒಂದನ್ನು ತೊಟ್ಟು ತೋರಿಸಿದೆ. ಅದು ನನ್ನ ಮೊಣಕಾಲಿನ ತನಕ ಜೋತುಬಿತ್ತು. ಗುಂಪಿನ ಹಿರಿಯಳಾದ ಗೌರವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಸ್ತೂರಿ ಮಾತ್ರ ನಗಲಿಲ್ಲ. ಆಡೂರಿನ ತವರಿನಿಂದ ಆ ವರ್ಷವಷ್ಟೇ ಮದುವೆಯಾಗಿ ಬಂದವಳು ಅವಳು. ಡಾಂಬರಿನ ಹೊಗೆಯ ನಡುವೆ ಕೂಡ ತಲೆಗೆ ಒಂದು ಹೂವು ಇಲ್ಲದೆ ಬರುತ್ತಿರಲಿಲ್ಲ. ಅವಳ ಮಾವ ಬಸಪ್ಪ ಅದೇ ಕೆಲಸದ ಮೇಸ್ತ್ರಿ.

"ಬಾಯಾರ, ಇದನ್ನ ಮ್ಯಾಲ ಹಾಕ್ಕೊಂಡ್ರ ಸೆರಗ ತಲಿಮ್ಯಾಲ ನಿಂದ್ರೂದಿಲ್ರಿ. ಮಾವಾರ ಮುಂದ ಬರೇ ತಲೀಲೆ ಹ್ಯಾಂಗ ಓಡಾಡ್ಲಿ? ಮತ್ತ ಇದೇನ ಗಂಡಸರ ಅಂಗಿ, ಚೀಲ ಇದ್ದಂಗೈತಿ" ಎಂದಳು. ಆಳುಗಳೆಲ್ಲ ನನ್ನನ್ನು ಬಾಯಾರು ಎಂದೇ ಕರೆಯುತ್ತಿದ್ದರು.

ಮೇಲಿನಿಂದ ನನಗೆ ಬಂದಿದ್ದ ಸೂಚನೆ ಒಂದೇ: ಎಲ್ಲರೂ ಹಾಕಿಕೊಳ್ಳಬೇಕು. ಹೇಗೆ ಎಂದು ಯಾರೂ ಹೇಳಿರಲಿಲ್ಲ. ಬೈದು ತೊಡಿಸಬೇಕೋ, ಬಿಟ್ಟುಬಿಡಬೇಕೋ ತಿಳಿಯದೆ ಎರಡು ಮೂರು ದಿನ ಕಳೆದೆ. ಕೊನೆಗೆ ಒಂದು ಜಾಕೆಟನ್ನು ಚೀಲದಲ್ಲಿಟ್ಟುಕೊಂಡು ಸವಣೂರಿನ ದಾವಲಸಾಬರ ಅಂಗಡಿಗೆ ಹೋದೆ. ನಮ್ಮ ಮನೆಯ ಬಟ್ಟೆ ಹೊಲಿಯುತ್ತಿದ್ದ ದರ್ಜಿ ಅವರು. ಅದನ್ನು ತಿರುವಿ ತಿರುವಿ ನೋಡಿ, "ಇದನ್ನ ಹೊಲದಾಂವಗ ಹೆಣ್ಮಕ್ಕಳ ಮೈಕಟ್ಟ ಗೊತ್ತಿಲ್ಲ ನೋಡ್ರಿ" ಎಂದರು. ಪಟ್ಟಿಗಳಿಗೆ ಕತ್ತರಿ ತಾಗಿಸಬಾರದು ಎಂದಷ್ಟೇ ನಾನು ಹೇಳಿದೆ. ಅವರು ಸೊಂಟದ ಹತ್ತಿರ ಹಿಡಿದು, ಅಳತೆ ಗಿಡ್ಡ ಮಾಡಿ, ಕುಬಸದ, ಅಂದರೆ ರವಿಕೆಯ, ಮಾಟಕ್ಕೆ ತಂದರು. ಕೊರಳಿಗೂ ಅಂಚಿಗೂ ಕೆಂಪು ದಾರದಲ್ಲಿ ಸಣ್ಣ ದಡಿ ಹಾಕಿದರು. ಕುಬಸದ ಮೇಲೆ ಅದು, ಅದರ ಮೇಲೆ ಸೆರಗು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಲ್ಲೆ ಎಂದವರೆಲ್ಲ ನನಗೂ ಬೇಕು ಎಂದರು. ಒಬ್ಬಳಿಗೆ ಎಲೆ ಅಡಿಕೆ ಇಡಲು ಜೇಬು ಬೇಕು, ಇನ್ನೊಬ್ಬಳಿಗೆ ಹುಕ್ಕು ಬೇಕು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲರೂ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಮುಂದೆ ಸಾಲಾಗಿ ನಿಂತರು. ಬಿಸಿಲಿಗೆ ಆ ಸಾಲು ಧಗಧಗ ಅನ್ನುತ್ತಿತ್ತು. ಅರ್ಧ ಮೈಲಿಯಿಂದ ಕಾಣುತ್ತದೆ ಎಂದುಕೊಂಡು ನಿಶ್ಚಿಂತೆಯಿಂದ ಮನೆಗೆ ಹೋದೆ.

ಡಿಸೆಂಬರಿನ ಒಂದು ಮುಂಜಾನೆ ಬಸ್ಸಿಳಿದು ಕೆಲಸದ ಜಾಗಕ್ಕೆ ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ಕಸ್ತೂರಿ ಎದುರಿಗೇ ಸಿಕ್ಕಳು. ಹಸಿರು ಸೀರೆ, ಒಳಗೆ ಕಿತ್ತಳೆ ಜಾಕೆಟು. "ಚಂದ ಕಾಣ್ತದ" ಅಂದೆ. ನಾಚಿಕೊಂಡು ಹೋದಳು. ನಾನು ಡಾಂಬರಿನ ಪೀಪಾಯಿಗಳ ಕಡೆ ತಿರುಗಿ ಹೆಚ್ಚು ಹೊತ್ತಾಗಿರಲಿಲ್ಲ, ಬ್ರೇಕಿನ ಕಿರುಚು ಕೇಳಿತು. ಅದರ ಹಿಂದೆಯೇ ಹೆಂಗಸರ ಚೀರಾಟ.

ಮೆಣಸಿನಕಾಯಿ ತುಂಬಿದ ಲಾರಿ. ಅದರ ಮುಂದಿನ ಬಂಪರಿನ ತುದಿ ಬಡಿದು ಕಸ್ತೂರಿ ರಸ್ತೆಯಂಚಿಗೆ ಬಿದ್ದಿದ್ದಳು. ಬಲಗಾಲು ವಿಚಿತ್ರವಾಗಿ ತಿರುಗಿತ್ತು. ಡ್ರೈವರ್ ಓಡಿಹೋಗಲಿಲ್ಲ. ತಾನೇ ಇಳಿದು ಬಂದು, ಅವಳನ್ನು ಕ್ಯಾಬಿನ್ನಿಗೆ ಎತ್ತಿಸಿ, ಗೌರವ್ವನನ್ನು ಜೊತೆಗೆ ಕೂಡಿಸಿಕೊಂಡು ಶಿಗ್ಗಾಂವಿಯ ಆಸ್ಪತ್ರೆಗೆ ಮುಟ್ಟಿಸಿದ. ಕಾಲು ಎರಡು ಕಡೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು.

ಗೊಂದಲ ಶುರುವಾದದ್ದು ಅಲ್ಲಿಂದ. ಆಸ್ಪತ್ರೆಯ ಅಂಗಳದಲ್ಲಿ ಡ್ರೈವರ್ ನನ್ನ ಮುಂದೆ ಕೈಮುಗಿದು ನಿಂತ.

"ಮಕ್ಕಳ ಆಣಿ ಮಾಡಿ ಹೇಳ್ತೇನ್ರಿ ಬಾಯಾರ, ಕಿತ್ತಳಿ ಬಣ್ಣದ್ದು ಏನೂ ಕಾಣ್ಲಿಲ್ರಿ ನನಗ. ಮಂಜಿನಾಗ ಹಸರಂದು ಏನೋ ಕಾಣ್ತು. ರಸ್ತಾದ ದಂಡಿಗೆ ಗಿಡಾ ಐತಿ ಅನ್ಕೊಂಡ್ನಿ. ಹಾರ್ನ್ ಸೈತ ಹೊಡದೆ."

"ಹಾರ್ನ್ ಯಾರಿಗೂ ಕೇಳಿಲ್ಲಲ್ಲಪಾ."

"ಹೊಡದೇನ್ರಿ" ಎಂದ ಅವನು. ಅಳುತ್ತಿದ್ದ.

ಅವನನ್ನು ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಆ ಜಾಕೆಟನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಆಸ್ಪತ್ರೆಗೆ ಬಂದ ಪೊಲೀಸರು ನೋಡಿದಾಗ ಅದು ಕಸ್ತೂರಿಯ ಮೈಮೇಲೆ ಇರಲಿಲ್ಲ. ಉಸಿರಾಡಲಿ ಎಂದು ಗೌರವ್ವ ಲಾರಿಯಲ್ಲೇ ಅದನ್ನು ಬಿಚ್ಚಿ ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ರಸ್ತೆ ಕೆಲಸದ ಗುತ್ತಿಗೆದಾರ ಆ ಸಂಗತಿಯನ್ನೇ ಹಿಡಿದುಕೊಂಡ. ಅವಳು ಹಾಕಿಯೇ ಇರಲಿಲ್ಲ, ಆಮೇಲೆ ತಂದು ತೋರಿಸುತ್ತಿದ್ದಾರೆ ಎಂದ. ಅವನ ಮಾತು ನಿಂತರೆ ತಪ್ಪು ಪೂರ್ತಿ ಕಸ್ತೂರಿಯದಾಗುತ್ತಿತ್ತು. ಇಲ್ಲದಿದ್ದರೆ ಡ್ರೈವರ್ ಜೈಲಿಗೆ ಹೋಗುತ್ತಿದ್ದ. ನಾನು ಆಳುಗಳನ್ನು ಒಬ್ಬೊಬ್ಬರಾಗಿ ಕೇಳಿದೆ. ಕೆಲವರು ಹಾಕಿದ್ದಳು ಎಂದರು, ಕೆಲವರು ಹಾಕಿರಲಿಲ್ಲ ಎಂದರು. ಸೊಸೆಯ ಪರ ನಿಲ್ಲಬೇಕಾದ ಬಸಪ್ಪನೇ ತಲೆ ತಗ್ಗಿಸಿ, "ಸುಳ್ಳ ಹ್ಯಾಂಗ ಹೇಳ್ಲಿ ಬಾಯಾರ, ನನ್ನ ಕಣ್ಣಿಗಂತೂ ಬಿದ್ದಿಲ್ಲ" ಎಂದುಬಿಟ್ಟ.

ಮರುದಿನ ಧಾರವಾಡದಿಂದ ನಮ್ಮ ಇಲಾಖೆಯ ಸಾಹೇಬರು ಬಂದರು. ಹೊಲಿಗೆ ಬದಲಾದ ಜಾಕೆಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಸುರಕ್ಷತೆಯ ಸಾಮಾನಿಗೆ ದಡಿ ಹಚ್ಚಿಸೀರಿ. ಚಂದ ಕಾಣಾಕ ಹೋಗಿ ಕಾಲ ಮುರಕೊಂಡ್ಳು ಆ ಹುಡುಗಿ. ಈಗ ಒಂದ ಮಾತಿನಾಗ ಹೇಳ್ರಿ, ಹಾಕಿದ್ಳೋ ಇಲ್ಲೋ?"

"ಹಾಕಿದ್ದಳು ಸರ್."

"ಮತ್ತ ಡ್ರೈವರಗ ಯಾಕ ಕಾಣ್ಲಿಲ್ಲ?"

"ತಿಳೀವಲ್ತು ಸರ್."

ನಿಜವಾಗಿಯೂ ತಿಳಿಯಲಿಲ್ಲ. ಇನ್ನು ಮೇಲೆ ಮೊದಲಿನ ಅಳತೆಯ ಜಾಕೆಟನ್ನೇ ಎಲ್ಲಕ್ಕೂ ಮೇಲೆ ತೊಡಬೇಕು, ತೊಡದವರಿಗೆ ಕೆಲಸವಿಲ್ಲ ಎಂದು ಸಾಹೇಬರು ಆಜ್ಞೆ ಮಾಡಿದರು. ಅದನ್ನು ಕೇಳಿ ಹೆಂಗಸರು ಬುಟ್ಟಿ, ಕಸಬರಿಗೆ ಕೆಳಗಿಟ್ಟು ಮನೆಗೆ ನಡೆದರು. ಆ ದಿನ ಸಂಜೆ ಸವಣೂರಿನ ಬಸ್ಸಿನಲ್ಲಿ ಕುಳಿತು ನನ್ನನ್ನೇ ಕೇಳಿಕೊಂಡೆ: ಆ ಹೊಲಿಗೆಯೇ ಕಾರಣವೇ? ಪಟ್ಟಿಗಳು ಇದ್ದಲ್ಲೇ ಇದ್ದವು, ಬಟ್ಟೆ ಅದೇ ಬಟ್ಟೆ. ಮತ್ತೆ ಕಿತ್ತಳೆ ಬಣ್ಣ ಎಲ್ಲಿಗೆ ಹೋಯಿತು? ಒಬ್ಬರ ಮಾತು ನಿಜವಾದರೆ ಇನ್ನೊಬ್ಬರದು ಸುಳ್ಳಾಗಬೇಕು. ಆದರೆ ಸುಳ್ಳು ಹೇಳುವ ಮುಖ ನನಗೆ ಅವರಲ್ಲಿ ಯಾರದೂ ಕಾಣಲಿಲ್ಲ.

ಮರುದಿನವೂ ಮಂಜು ಬಿದ್ದಿತ್ತು. ಲಾರಿ ಇನ್ನೂ ಠಾಣೆಯ ಮುಂದೆ ನಿಂತಿತ್ತು. ಪೊಲೀಸರನ್ನು ಕೇಳಿಕೊಂಡು ಡ್ರೈವರನಿಂದ ಅದನ್ನು ಅದೇ ಜಾಗಕ್ಕೆ ತರಿಸಿದೆ. ಬ್ರೇಕಿನ ಗುರುತು ಎಲ್ಲಿಂದ ಶುರುವಾಗಿತ್ತೋ ಅಲ್ಲಿ ನಿಲ್ಲಿಸಿ, ಸೀರೆ ಎತ್ತಿ ಹಿಡಿದು ಕ್ಯಾಬಿನ್ ಹತ್ತಿ ಅವನ ಪಕ್ಕ ಕುಳಿತೆ. ಗೌರವ್ವನನ್ನು ಮನೆಯಿಂದ ಕರೆತಂದಿದ್ದೆ. ಕಸ್ತೂರಿ ಇದ್ದ ಕಡೆ ನಿಂತು, ದಿನಾ ಗುಡಿಸುವ ಹಾಗೆಯೇ ಗುಡಿಸು ಎಂದಿದ್ದೆ. ದಾವಲಸಾಬರು ಹೊಲಿದ ಜಾಕೆಟನ್ನೇ ಅವಳೂ ತೊಟ್ಟಿದ್ದಳು.

ಗಾಜಿನಾಚೆ ನೋಡಿದೆ. ಬೂದು ಮಂಜು, ಅದರೊಳಗೆ ಕಂದು ಬಣ್ಣದ ಒಂದು ಗುಪ್ಪೆ. ಮನುಷ್ಯಳೆಂದು ಹೇಳುವುದೂ ಕಷ್ಟ. ದೀಪ ಹಚ್ಚಿಸಿದೆ. ಏನೂ ಹೊಳೆಯಲಿಲ್ಲ.

"ನೋಡ್ರಿ" ಎಂದ ಡ್ರೈವರ್, ಮೆಲ್ಲಗೆ.

ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ. "ಗೌರವ್ವಾ, ಈ ಕಡೆ ಹೊಳ್ಳಿ ನಿಂದ್ರು!"

ಅವಳು ತಿರುಗಿದ್ದೇ ತಡ, ಕೆಂಡ ಊದಿದ ಹಾಗೆ ಕಿತ್ತಳೆ ಬಣ್ಣ ಎದ್ದು ಬಂತು. ಎದೆಯ ಪಟ್ಟಿ ದೀಪಕ್ಕೆ ಫಳ್ಳನೆ ಹೊಳೆಯಿತು. ಡ್ರೈವರ್ ಎರಡೂ ಕೈಯಿಂದ ಹಣೆ ಹಿಡಿದುಕೊಂಡ. ನಾನು ಇಳಿದು ಅವಳ ಹಿಂದೆ ಹೋಗಿ ನಿಂತೆ. ಚಳಿಗೆ ಗೌರವ್ವ ತನ್ನ ಕಂದು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಕಿವಿ ಮುಚ್ಚಿ, ಬೆನ್ನಿನ ತುಂಬ ಇಳಿಬಿಟ್ಟು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬೆನ್ನಿನ ಜಾಕೆಟು ಪೂರ್ತಿ ಸೆರಗಿನ ಕೆಳಗೆ. ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಮುಂದೆ ಸಾಲಾಗಿ ನಿಂತವರ ಬೆನ್ನನ್ನು ನಾನು ನೋಡಿರಲೇ ಇಲ್ಲ.

ಆಗ ಆಳುಗಳ ಮಾತೂ ಅರ್ಥವಾಯಿತು. ಹಾಕಿದ್ದಳು ಎಂದವರು ಅವಳ ಎದುರಿಗೆ ಕೆಲಸ ಮಾಡುತ್ತಿದ್ದವರು. ಹಾಕಿರಲಿಲ್ಲ ಎಂದವರು ಹಿಂದೆ ಇದ್ದವರು. ಸೊಸೆಯ ಎದುರಿಗೆ ಬಾರದೆ ಬಸಪ್ಪ ಯಾವಾಗಲೂ ಹಿಂದೆಯೇ ನಿಲ್ಲುತ್ತಿದ್ದ. ಎಲ್ಲರೂ ಕಂಡದ್ದನ್ನೇ ಹೇಳಿದ್ದರು.

ಆ ವಾರ ದಾವಲಸಾಬರು ಸ್ವತಃ ಶಿಗ್ಗಾಂವಿಗೆ ಬಂದರು. ಉಳಿದಿದ್ದ ಜಾಕೆಟುಗಳನ್ನು ಬಿಚ್ಚಿ, ತಲೆಯಿಂದ ಬೆನ್ನಿನ ನಡುವಿನವರೆಗೆ ಇಳಿಯುವ ಒಂದು ಹೊದಿಕೆ ಮಾಡಿದರು. ಸೆರಗಿನ ಮೇಲೆ ಅದನ್ನು ಹೊದ್ದು, ಗಲ್ಲದ ಕೆಳಗೆ ಕಸೆ ಕಟ್ಟಿಕೊಳ್ಳಬೇಕು. ಹೊಳೆಯುವ ಪಟ್ಟಿ ಬೆನ್ನಿಗೆ ಅಡ್ಡಲಾಗಿ. ಸೆರಗೂ ನಿಂತಿತು, ಮಾವನ ಮುಂದೆ ಮಾನವೂ ಉಳಿಯಿತು. ಸಾದಾ ಇದ್ದರೆ ಹಾಕುವುದಿಲ್ಲ ಎಂದು ಗೌರವ್ವ ಮೊದಲೇ ಹೇಳಿದ್ದರಿಂದ ಅಂಚಿಗೆ ದಡಿ ಬಂತು. ಹೆಂಗಸರು ಕೆಲಸಕ್ಕೆ ಮರಳಿದರು. ಸಾಹೇಬರು ಮತ್ತೆ ಬಂದಾಗ, "ಇದೇನಿದು ಹೊಸಾ ಸಿಂಗಾರ?" ಎಂದರು. ನಾನು ವಾದ ಮಾಡದೆ, ಅವರ ಜೀಪನ್ನು ಹಿಂದಕ್ಕೆ ತೆಗೆಸಿ, ಮುಂದಿನ ಸೀಟಿನಿಂದ ನೋಡಿ ಎಂದು ಕೇಳಿಕೊಂಡೆ. ಒಬ್ಬಳು ಹೊಸ ಹೊದಿಕೆಯವಳು, ಒಬ್ಬಳು ಇಲ್ಲದವಳು. ಬಹಳ ಹೊತ್ತು ನೋಡಿದರು. "ನಡೀಲಿ" ಎಂದಷ್ಟೇ ಹೇಳಿದರು. ಕಸ್ತೂರಿ ಜಾಕೆಟು ಹಾಕಿದ್ದಳೆಂದೂ, ಡ್ರೈವರನಿಗೆ ಅದು ಕಾಣುವಂತಿರಲಿಲ್ಲವೆಂದೂ ನಾನು ಕೊಟ್ಟ ಹೇಳಿಕೆಯನ್ನು ಇಲಾಖೆಯೂ ಪೊಲೀಸರೂ ಒಪ್ಪಿದರು. ಹಾರ್ನಿನ ಸಂಗತಿ ಮಾತ್ರ ಕೊನೆಗೂ ಬಗೆಹರಿಯಲಿಲ್ಲ. ಅವನು ಹೊಡೆದೆ ಎನ್ನುತ್ತಲೇ ಇದ್ದ. ನಮಗೆ ಯಾರಿಗೂ ಕೇಳಿರಲಿಲ್ಲ.

ಆಮೇಲೆ ಹಿರೇಕೆರೂರು, ಹಾನಗಲ್ಲ ಎಂದು ಬೇರೆ ಬೇರೆ ಕಡೆ ಕೆಲಸ ಮಾಡಿದೆ. ಎಲ್ಲಿ ಹೋದರೂ ಒಂದು ಅಭ್ಯಾಸ ಉಳಿಯಿತು. ನಮ್ಮ ಜನರಿಗೆ ಕೊಟ್ಟ ಯಾವುದೇ ವಸ್ತುವನ್ನು, ಅವರು ನನಗೆ ತೋರಿಸಲು ನಿಂತಾಗ ನೋಡಿ ಒಪ್ಪುವುದನ್ನು ಬಿಟ್ಟೆ. ಅವರು ಬಗ್ಗಿ ದುಡಿಯುವಾಗ, ಅಪಾಯ ಬರುವ ದಿಕ್ಕಿಗೆ ಹೋಗಿ ನಿಂತು ನೋಡುತ್ತಿದ್ದೆ. ಚಂದ ಬೇಕು ಎಂದವರ ಮೇಲೆ ಸಿಟ್ಟು ಮಾಡುವುದನ್ನೂ ಬಿಟ್ಟೆ. ಚಂದವಿಲ್ಲದ್ದನ್ನು ಅವರು ಮನೆಯಲ್ಲೇ ಬಿಟ್ಟು ಬರುತ್ತಾರೆ. ಮನೆಯಲ್ಲಿರುವ ಜಾಕೆಟು ಯಾರ ಜೀವವನ್ನೂ ಉಳಿಸುವುದಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಕಸ್ತೂರಿ ಸಣ್ಣಗೆ ಕುಂಟುತ್ತ ಕೆಲಸಕ್ಕೆ ಮರಳಿದಳು. ಅವಳ ಪಾಲಿನ ಹೊದಿಕೆಯನ್ನು ಗೌರವ್ವ ತೆಗೆದಿಟ್ಟಿದ್ದಳು. ಅದನ್ನು ಹೊದ್ದು ಕಸೆ ಕಟ್ಟಿಕೊಂಡಳು. ಆಮೇಲೆ ನನ್ನ ಎದುರಿಗೆ ಬಾರದೆ, ನನಗೆ ಬೆನ್ನು ಮಾಡಿ ರಸ್ತೆಯುದ್ದಕ್ಕೂ ದೂರ ನಡೆದು ಹೋಗಿ ನಿಂತಳು. ತಿರುಗದೆಯೇ ಕೂಗಿ ಕೇಳಿದಳು.

"ಬಾಯಾರ, ಈಗ ಹ್ಯಾಂಗ ಕಾಣ್ತೇನ್ರಿ?"

"ಭಾಳ ಚಂದ ಕಾಣ್ತೀ" ಎಂದು ಕೂಗಿದೆ. "ಇನ್ನೂ ಸ್ವಲ್ಪ ದೂರ ಹೋಗು, ನೋಡತೇನಿ."