ನಿಲ್ದಾಣಕ್ಕಾಗಿ ಬರೆದ ಅರ್ಜಿ

ದೇಸೂರಿನಾಚೆ, ಖಾನಾಪುರದ ದಿಕ್ಕಿಗೆ, ನನ್ನ ಗಂಡನ ಊರಿಗೂ ಒಂದು ರೈಲು ನಿಲ್ದಾಣವಿತ್ತು. ಹಂಚಿನ ಕೋಣೆ, ಒಂದು ಕಲ್ಲುಬೆಂಚು, ಅಷ್ಟೆ. ನಾನು ಮದುವೆಯಾಗಿ ಬಂದ ಎಂಬತ್ತರ ದಶಕದಲ್ಲಿ ಬಾಜು ಮನೆಯ ವಿಧವೆ ದಿನವೂ ಬೆಳಗಿನ ಗಾಡಿಗೆ ಬೆಳಗಾವಿಯ ಶಹಾಪುರ ಪೇಟೆಗೆ ಮೊಸರು ಒಯ್ಯುತ್ತಿದ್ದಳು. ಇಂಜಿನ್ನಿನ ಮಸಿ ಬೀಳದಂತೆ ಗಡಿಗೆಯ ಬಾಯಿಗೆ ಮುತ್ತುಗದ ಎಲೆ, ಅದರ ಮೇಲೆ ಒದ್ದೆ ಬಟ್ಟೆ. ಅವಳ ಮನೆ ನಡೆಯುತ್ತಿದ್ದದ್ದು ಆ ಮೊಸರಿನಿಂದಲೇ.

ಜನ ಕಡಿಮೆಯೆಂದು ನಿಲ್ದಾಣ ಮುಚ್ಚುತ್ತಾರಂತೆ ಎಂಬ ಸುದ್ದಿ ಬಂತು. ಮಾವ ನನ್ನನ್ನು ಕರೆದರು.

“ನೀ ಬೆಳಗಾವಿ ಕಾನ್ವೆಂಟಿನ್ಯಾಗ ಕಲಿತಾಕಿ. ಇಂಗ್ಲಿಷಿನ್ಯಾಗ ಒಂದು ಅರ್ಜಿ ಬರಿ. ಸಾಹೇಬ್ರ ಮನಸ ಕರಗಬೇಕು, ಹಂಗ ಬರಿ.”

ಹೊಸ್ತಿಲ ಬಳಿ ಕುಳಿತಿದ್ದ ಆ ವಿಧವೆ ನಕ್ಕಳು. “ನನ್ನ ಗಡಿಗಿ ಸುದ್ದೀನೂ ಹಾಕ್ರಿ ಅಕ್ಕಾರ. ಸಾಹೇಬ್ರು ಒಮ್ಮೆ ಈ ಮೊಸರು ಉಂಡ್ರಂದ್ರ ಗಾಡಿ ಇಲ್ಲೇ ಮಲಗಸ್ತಾರ.”

ಹಾಕಿದೆ. ಪತ್ರದಲ್ಲಿ ನಿಜ ಬರೆಯಬೇಕು, ಸಣ್ಣ ಸಂಗತಿಗಳೇ ಮನಸ್ಸು ಮುಟ್ಟುತ್ತವೆ ಎಂದು ಸಿಸ್ಟರ್ ಕಲಿಸಿದ್ದರು. ಗಡಿಗೆ, ಎಲೆ ಎಲ್ಲ ಬರೆದೆ. ಬೆಳಗಿನ ಗಾಡಿಯ ಗಾರ್ಡ್ ಎಷ್ಟು ಒಳ್ಳೆಯವರೆಂದರೆ, ಮೊಸರು ಮಾರುವ ಹೆಂಗಸರಿಗೆ ಟಿಕೆಟ್ ಕೇಳದೆ ತಮ್ಮ ಡಬ್ಬಿಯಲ್ಲೇ ಜಾಗ ಕೊಡುತ್ತಾರೆ ಎಂದೂ ಬರೆದೆ. ಊರಿನಲ್ಲಿ ಇಂಗ್ಲಿಷ್ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ತಿಂಗಳೊಳಗೆ ಗಾರ್ಡ್ ಬದಲಾದರು. ಟಿಕೆಟ್ ತಪಾಸಣೆಯವರು ಬಂದು ಹೆಂಗಸರನ್ನು ಗಡಿಗೆಗಳ ಸಮೇತ ಇಳಿಸಿದರು. ಆಮೇಲೆ ಉತ್ತರ ಬಂತು: ಇಲ್ಲಿ ಹತ್ತುವವರು ಟಿಕೆಟ್ ಕೊಳ್ಳುವುದಿಲ್ಲವೆಂದು ನಿಮ್ಮ ಅರ್ಜಿಯೇ ತಿಳಿಸುತ್ತದೆ, ಆದ್ದರಿಂದ ನಿಲ್ದಾಣ ಮುಚ್ಚಲಾಗುವುದು.

“ಏನಂತ ಬರದಾರ, ಕನ್ನಡದಾಗ ಹೇಳು,” ಎಂದರು ಮಾವ. ಮುಚ್ಚುತ್ತಾರೆ ಎಂಬುದನ್ನಷ್ಟೇ ಹೇಳಿದೆ.

ಆ ವಿಧವೆ ಕೆಲವು ದಿನ ಗಡಿಗೆ ಹೊತ್ತು ದೇಸೂರಿನವರೆಗೆ ನಡೆದು ಅಲ್ಲಿಂದ ಮುಂದಿನ ಗಾಡಿ ಹಿಡಿದಳು. ಶಹಾಪುರ ಮುಟ್ಟುವಷ್ಟರಲ್ಲಿ ಬಿಸಿಲೇರಿ ಮೊಸರು ಹುಳಿಯಾಗುತ್ತಿತ್ತು. ದಿನವೂ ಕೊಳ್ಳುತ್ತಿದ್ದ ಮನೆಗಳು ಒಂದೊಂದಾಗಿ ಬೇಡವೆಂದವು. ಎಮ್ಮೆ ಮಾರಿದಳು. ಹಂಚಿನ ಭಟ್ಟಿಯಲ್ಲಿ ಮಣ್ಣು ಹೊರಲು ಹೋದಳು.

ಒಂದು ಸಂಜೆ ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿಕೊಂಡೇ ಬಂದಳು.

“ಸ್ಟೇಶನ್ ಹೋದ್ರ ಹೋಗವಲ್ದ್ಯಾಕ, ಅಕ್ಕಾರ. ನಮ್ಮ ಸಲುವಾಗಿ ಅಷ್ಟು ಬರದವ್ರು ನೀವೊಬ್ರ. ಸರಕಾರದ ವಿಧವಾ ಪಗಾರಕ್ಕ ಒಂದು ಅರ್ಜಿ ಬರದು ಕೊಡ್ರಿ.”

ಪೆನ್ನಿನಲ್ಲಿ ಶಾಯಿ ಇಲ್ಲವೆಂದೆ.

“ಇರ್ಲಿ ಬಿಡ್ರಿ, ನಾಳೆ ಬರ್ತೀನಿ,” ಎಂದಳು.

ಮರುದಿನವೂ ಬಂದಳು. ನಾನು ಹಿತ್ತಲಲ್ಲಿ ನಿಂತು, ಮನೆಯಲ್ಲಿಲ್ಲವೆಂದು ಹೇಳಿಸಿದೆ.