ಆರ್ವಿಡ್‌ನ ಹಳೇ ಲೆನ್ಸುಗಳೂ ಒಂದು ಬಿಳಿ ಹಕ್ಕಿಯೂ

ನಮ್ಮ ಎದುರುಮನೆಯ ಆರ್ವಿಡ್ ಸ್ಕೂಗ್ ಮೂವತ್ನಾಲ್ಕು ವರ್ಷ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದವನು. ಆ ಅವಧಿಯಲ್ಲಿ ನನ್ನ ಮನೆ ಮುಂದಿನ ಅಂಚೆಪೆಟ್ಟಿಗೆಯನ್ನು ಹದಿನೇಳು ಸಲ ಉರುಳಿಸಿದ್ದಾನೆ. ಪ್ರತಿ ಸಲವೂ ತಾನೇ ಬಂದು ಮತ್ತೆ ನೆಟ್ಟು, ಒಂದು ಪೊಟ್ಟಣ ಹೊಗೆಯಲ್ಲಿ ಒಣಗಿಸಿದ ಮೀನು ಕೊಟ್ಟು ಹೋಗುತ್ತಿದ್ದ. ಹಾಗಾಗಿ ಅವನ ಬಗ್ಗೆ ನಾನು ಬರೆದರೆ ಅದರಲ್ಲಿ ಸಿಟ್ಟೂ ಇರುತ್ತದೆ, ಮೀನಿನ ಋಣವೂ ಇರುತ್ತದೆ. ಓದುವವರು ತೂಗಿ ನೋಡಿಕೊಳ್ಳಬೇಕು.

ನಿವೃತ್ತನಾದ ಮೇಲೆ ಅವನಿಗೆ ಹಕ್ಕಿಯ ಹುಚ್ಚು ಹಿಡಿಯಿತು. ನಮ್ಮೂರು ಸಿಲ್ವರ್ ಲೆಡ್ಜ್ ಇರುವುದು ಅಮೆರಿಕದ ಉತ್ತರ ಅಂಚಿನ ಸುಪೀರಿಯರ್ ಸರೋವರದ ದಡದಲ್ಲಿ. ಇಲ್ಲಿ ಚಳಿಗಾಲಕ್ಕೆ ಹಕ್ಕಿ ನೋಡುವುದು ಬಿಟ್ಟರೆ ಕಾಫಿ ಕುಡಿಯುವುದು, ಅಷ್ಟೇ. ಅವನು ಎರಡನ್ನೂ ಕೂಡಿಸಿಕೊಂಡ. ಹಳೇ ಫಿಲ್ಮ್ ಕ್ಯಾಮೆರಾ ಮಾರಿ, ಯಾರೋ ಬಳಸಿ ಬಿಟ್ಟ, ಮಿರರ್‌ಲೆಸ್ ಎಂಬ ಹೊಸ ಬಗೆಯ ಡಿಜಿಟಲ್ ಕ್ಯಾಮೆರಾ ತಂದ. ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಅದಕ್ಕೆ ತಕ್ಕ ದೂರದ ಲೆನ್ಸು ಹೊಸದು ಕೊಳ್ಳಬೇಕೆಂದರೆ ಅವನ ಪಿಕಪ್ ಗಾಡಿ ಮಾರಬೇಕಿತ್ತು. ಆದರೆ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಕ್ಕಳು ಮನೆ ಸಾಮಾನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಾರೆ. ಆ ಸಾಮಾನಿನಲ್ಲಿ ಐವತ್ತು ವರ್ಷದ ಹಿಂದಿನ ಮೊಳದುದ್ದದ ಲೆನ್ಸೊಂದು ಇದ್ದೇ ಇರುತ್ತದೆ. ನಲವತ್ತು ಡಾಲರಿಗೆ ಸಿಗುತ್ತದೆ. ನಡುವೆ ಅಡಾಪ್ಟರ್ ಎಂಬ ಒಂದು ಲೋಹದ ಬಳೆ ಹಾಕಿದರೆ ಹೊಸ ಕ್ಯಾಮೆರಾಗೆ ಕೂತುಕೊಳ್ಳುತ್ತದೆ. ಆರ್ವಿಡ್ ಸಾವಿನ ಸುದ್ದಿಯ ಪುಟವನ್ನು ಪೆನ್ಸಿಲ್ ಹಿಡಿದು ಓದಲು ಶುರುಮಾಡಿದ.

ಮೊದಲನೇ ಲೆನ್ಸ್ ಸಿಕ್ಕಿಸಿದ ದಿನ ಕ್ಯಾಮೆರಾ ಪರದೆಯ ಮೇಲೆ "ಲೆನ್ಸ್ ಜೋಡಿಸಿಲ್ಲ" ಎಂದು ತೋರಿಸಿತು. ಹಳೇ ಲೆನ್ಸಿನಲ್ಲಿ ವಿದ್ಯುತ್ತಿನ ಸಂಪರ್ಕವೇ ಇಲ್ಲವಲ್ಲ, ಅದು ಇದೆಯೆಂದು ಕ್ಯಾಮೆರಾಗೆ ಹೇಗೆ ಗೊತ್ತಾಗಬೇಕು? ನಮ್ಮವನು ಅದನ್ನು ಅವಮಾನ ಎಂದುಕೊಂಡ. ನಾನು ರಸ್ತೆ ದಾಟಿ ಹೋಗುವಷ್ಟರಲ್ಲಿ ಅಡುಗೆಮನೆ ಮೇಜಿನ ಮೇಲೆ ಜಗಳ ನಡೆದಿತ್ತು.

"ಎರಡು ಕಿಲೋ ಲೆನ್ಸ್ ನಿನ್ನ ಮೂತಿಗೆ ನೇತಾಡ್ತಿದೆ. ಇಲ್ಲ ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಎಂದು ಅವನು ಕ್ಯಾಮೆರಾಗೆ ಹೇಳುತ್ತಿದ್ದ.

"ಅದೂ ನನ್ ಥರಾನೇ ಕಣೋ. ನೀನು ತರೋ ಸಾಮಾನನ್ನ ಲೆಕ್ಕಕ್ಕೇ ತಗೊಳ್ಳಲ್ಲ," ಎಂದಳು ಅವನ ಹೆಂಡತಿ ಮರ್ನಾ, ಬಟಾಣಿ ಬಿಡಿಸುತ್ತ.

ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂದು ಕ್ಯಾಮೆರಾಗೆ ಅಪ್ಪಣೆ ಕೊಡುವ ಒಂದು ಸಾಲು ಅದರ ಮೆನುವಿನ ಹೊಟ್ಟೆಯೊಳಗೇ ಇದೆ ಎಂಬುದು ಮೂರು ದಿನದ ನಂತರ ಅವನಿಗೆ ಗೊತ್ತಾಯಿತು. ಆ ಮೂರು ದಿನ ಇಬ್ಬರಿಗೂ ಮಾತಿರಲಿಲ್ಲ. ಅವನಿಗೂ ಕ್ಯಾಮೆರಾಗೂ, ಅಂತ ನಾನು ಹೇಳುತ್ತಿರುವುದು.

ಅದೇ ಚಳಿಗಾಲ, ಅಂದರೆ ಈಗ್ಗೆ ಹನ್ನೊಂದು ವರ್ಷದ ಹಿಂದೆ, ಅವನು ಬಂದರಿನಲ್ಲಿ ಅಲೆ ತಡೆಯುವ ಅಡ್ಡಗೋಡೆಯ ತುದಿಯಲ್ಲಿ ಐವರಿ ಗಲ್ ನೋಡಿದ. ಉತ್ತರ ಧ್ರುವದ ಕಡೆಯ ಕಡಲಹಕ್ಕಿ ಅದು. ಮೈಯೆಲ್ಲ ಹಾಲುಬಿಳಿ, ಕಾಲು ಮಾತ್ರ ಕಪ್ಪು. ನಮ್ಮ ದಡಕ್ಕೆ ಬರುವುದು ತಲೆಮಾರಿಗೊಮ್ಮೆ. ಫೋಟೋ ತೆಗೆದು ನಮ್ಮ ಹಕ್ಕಿಸಂಘಕ್ಕೆ ತಂದುಕೊಟ್ಟ. ಸಂಘದ ಅಧ್ಯಕ್ಷ ಹಾರ್ಲನ್ ಟ್ವೈಟ್, ಔಷಧಿ ಅಂಗಡಿ ಇಟ್ಟಿದ್ದವನು, ಮಾತ್ರೆ ಎಣಿಸುವ ಗಾಂಭೀರ್ಯದಲ್ಲಿ ಆ ಫೋಟೋವನ್ನು ನೋಡಿದ.

"ಬಿಳೀದು ಏನೋ ಇದೆ, ಒಪ್ಕೋತೀನಿ," ಎಂದ. "ಆದ್ರೆ ಇದು ಹಕ್ಕಿ ಅಂತ ಹೇಗಯ್ಯ ಬರೆಯೋದು? ಪ್ಲಾಸ್ಟಿಕ್ ಚೀಲಾನೂ ಹೀಗೇ ಕಾಣತ್ತೆ."

ಸಂಘದ ಕಾರ್ಯದರ್ಶಿ ನಾನೇ. "ಅಂಗೀಕಾರವಿಲ್ಲ, ಚಿತ್ರ ಅಸ್ಪಷ್ಟ" ಎಂದು ದಾಖಲೆ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ. ಅಲ್ಲಿಂದ ಮುಂದೆ ಆರ್ವಿಡ್ ಕಿರಾಣಿ ಅಂಗಡಿಗೆ ಹೋದರೆ "ಚೀಲ ಬೇಕಾ?" ಎಂದು ಕೇಳಿ ನಗುವವರಿಗೆ ಬರವಿರಲಿಲ್ಲ. ಅವನೂ ನಗುತ್ತಿದ್ದ. ಆದರೆ ಒಂದು ದಿನ, ಲಾರಿಯ ಹೊಸ ಡ್ರೈವರ್ ಉರುಳಿಸಿದ ನನ್ನ ಅಂಚೆಪೆಟ್ಟಿಗೆಯನ್ನು ಹಳೇ ಅಭ್ಯಾಸದಿಂದ ತಾನೇ ನೆಡುತ್ತ, ಮಣ್ಣು ತುಳಿಯುವುದನ್ನು ನಿಲ್ಲಿಸಿ, "ಡೊಲೋರಿಸ್, ಆ ಪುಸ್ತಕದಲ್ಲಿ ಒಂದೇ ಒಂದ್ಸಲ ನನ್ನ ಮಾತು ನಿಜ ಅಂತ ಬರೀಬೇಕು ನೀನು. ಸಾಯೋದ್ರೊಳಗೆ. ಇನ್ನೇನೂ ಬೇಡ ನಂಗೆ," ಎಂದ. ನಾನು ಗುದ್ದಲಿ ಎತ್ತಿಕೊಟ್ಟೆ.

ಆಮೇಲಿನ ಹತ್ತು ವರ್ಷ ಅವನು ತೆಗೆದ ದೂರದ ಚಿತ್ರಗಳೆಲ್ಲ ಅದೇ ಹಣೆಬರಹ. ಹದ್ದು ತೆಗೆದರೆ ಕಂಬಳಿ, ಬಾತು ತೆಗೆದರೆ ಆಲೂಗಡ್ಡೆ. ತಪ್ಪು ಲೆನ್ಸಿನದು ಎಂದು ತೀರ್ಮಾನಿಸಿ ಇನ್ನೊಂದು ಲೆನ್ಸ್ ತರುತ್ತಿದ್ದ. ಅದೂ ಹಾಗೇ. ಮತ್ತೊಂದು. ಮೂವತ್ತೊಂದಾದವು. ಮರ್ನಾಳ ಹಾಸಿಗೆ ಹೊದಿಕೆಯ ಕಪಾಟಿನೊಳಗೆ ಲೆನ್ಸುಗಳು ಸಾಲಾಗಿ ನಿಂತವು, ಹೊದಿಕೆಗಳು ಮಂಚದಡಿ ಸೇರಿದವು. ಒಂದೊಂದು ಲೆನ್ಸಿನ ಕುತ್ತಿಗೆಗೂ ದಾರದಲ್ಲಿ ಒಂದು ಚೀಟಿ ಕಟ್ಟಿ ಅದರ ಅಪರಾಧ ಬರೆದಿದ್ದ: "ಕಣ್ಣಿಗೆ ಪೊರೆ", "ಸೋಮಾರಿ", "ಹತ್ತಿರದ್ದು ಸರಿ, ದೂರ ಅಂದರೆ ಮೈಗಳ್ಳ", "ನೋಡಲು ಸುಂದರಿ, ನಂಬಬಾರದು". ಈ ಕೊನೆಯದನ್ನು ಯಾವ ಲೆನ್ಸಿಗೆ ಬರೆದಿದ್ದು ಎಂದು ಮರ್ನಾ ಎರಡು ಸಲ ವಿಚಾರಿಸಿದಳು.

ಕಳೆದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅವನು ಏಣಿ ಹತ್ತಿ ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ ಎಲೆ ತೆಗೆಯುತ್ತಿದ್ದ. ಕೆಳಗೆ ಅಂಗಳದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಹಡಗುಗಳಿಗೆ ದಾರಿ ತೋರುವ ದೂರದ ದೀಪಸ್ತಂಭದ ಕಡೆ ಮುಖಮಾಡಿ ನಿಂತಿತ್ತು. ನಾನು ಸುಮ್ಮನಿರಲಾರದೆ ಕಣ್ಣಿಟ್ಟೆ. ಎಲ್ಲ ಮಂಜು ಮಂಜು. ಲೆನ್ಸಿನ ಮೇಲಿನ ಫೋಕಸ್ ಬಳೆಯನ್ನು ತಿರುಗಿಸಿದೆ. ದೀಪಸ್ತಂಭದ ಇಟ್ಟಿಗೆಗಳು ಒಂದೊಂದಾಗಿ ಎದ್ದು ಬಂದವು. ಗುಂಡಿ ಒತ್ತಿದೆ.

"ಆರ್ವಿಡ್, ದೀಪಸ್ತಂಭದ ಬಾಗಿಲಿಗೆ ಬೀಗ ಹಾಕಿದೆ ಕಣೋ. ತುಕ್ಕು ಹಿಡಿದಿದೆ."

"ಅಲ್ಲಿಂದ ಬೀಗ ಕಾಣಲ್ಲ. ಸುಳ್ಳು ಹೇಳ್ಬೇಡ."

"ಇಳಿದು ಬಂದು ನೋಡು."

ಅವನು ಇಳಿದ. ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.

"ಬಳೆ ಎಲ್ಲಿವರೆಗೆ ತಿರುಗಿಸ್ದೆ?"

"ಚೆನ್ನಾಗಿ ಕಾಣೋವರೆಗೆ."

"ಹಾಗಲ್ಲ ಕಣೇ. ಇಲ್ಲಿ ನೋಡು, ಮಲಗಿರೋ ಎಂಟು ಬರೆದಿದ್ದಾರಲ್ಲ, ಇದು ಅನಂತ ಅಂತ. ದೂರದ್ದಕ್ಕೆ ಬಳೇನ ಇಲ್ಲಿಗೆ, ಕೊನೇವರೆಗೆ ತಿರುಗಿಸಿ ಟಕ್ ಅಂತ ನಿಲ್ಲಿಸ್ಬೇಕು. ನಲವತ್ತು ವರ್ಷದಿಂದ ಹಾಗೇ ಮಾಡಿದೀನಿ. ನೀನು ಇನ್ನೂ ಇಷ್ಟು ಮುಂಚೇನೇ ನಿಲ್ಸಿದೀಯ."

"ಮುಂಚೇನೇ ನಿಲ್ಸಿದ್ದಕ್ಕೆ ಬೀಗ ಕಾಣ್ತಲ್ಲ."

ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಆಮೇಲೆ ಅವನೇ ಲೆಕ್ಕ ಹಾಕಿ ನನಗೆ ವಿವರಿಸಿದ. ಅಗ್ಗದ ಅಡಾಪ್ಟರ್ ಮಾಡುವವರು ಆ ಅಡಾಪ್ಟರನ್ನೇ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ತೆಳ್ಳಗೆ ಮಾಡುತ್ತಾರಂತೆ. ದಪ್ಪವಾದರೆ ದೂರದ್ದು ಕಾಣುವುದೇ ಇಲ್ಲ, ತೆಳ್ಳಗಾದರೆ ಚಿಂತೆಯಿಲ್ಲ ಎಂದು. ಹಾಗಾಗಿ ಲೆನ್ಸು ಅನಂತದ ಗುರುತು ಬರುವ ಮುಂಚೆಯೇ ಅನಂತವನ್ನು ಮುಟ್ಟಿರುತ್ತದೆ. ಫೋಕಸ್ ಬಳೆಯನ್ನು ಕೊನೆಯವರೆಗೆ ತಿರುಗಿಸಿದರೆ ಅನಂತವನ್ನೂ ದಾಟಿ ಆಚೆಗೆ ನೋಡುತ್ತದೆ. ಫಿಲ್ಮ್ ಕಾಲದ ಅಭ್ಯಾಸದವನು, ಪರದೆಯನ್ನು ನೋಡದೆಯೇ ಟಕ್ ಎನ್ನಿಸುತ್ತಿದ್ದ. ಏನೂ ಗೊತ್ತಿಲ್ಲದ ನಾನು ಕಣ್ಣಿಗೆ ಕಂಡಲ್ಲಿ ನಿಲ್ಲಿಸಿದೆ.

"ಹತ್ತು ವರ್ಷ ಅನಂತದ ಆಚೆಗೇ ನೋಡ್ತಿದ್ಯಾ? ಅಲ್ಲೇನಿತ್ತೋ?" ಎಂದು ಮರ್ನಾ ಕಿಟಕಿಯಿಂದ ಕೇಳಿದಳು.

"ಚೀಲ," ಎಂದ ಆರ್ವಿಡ್.

ಅವನ ಮುಖ ನೋಡಿ ನನಗೆ ನಗು ಅರ್ಧಕ್ಕೇ ನಿಂತಿತು. ಹನ್ನೊಂದು ವರ್ಷದ ಹಿಂದಿನ ಹಕ್ಕಿಯನ್ನು ಕಳೆದದ್ದು ಲೆನ್ಸಲ್ಲ, ತನ್ನದೇ ಕೈ ಎಂದು ಅವನಿಗೆ ಆಗ ಹೊಳೆದಿತ್ತು. ಆ ವಾರವೆಲ್ಲ ಮೂವತ್ತೊಂದು ಲೆನ್ಸುಗಳನ್ನೂ ಒಂದೊಂದಾಗಿ ಅಂಗಳಕ್ಕೆ ತಂದು, ದೀಪಸ್ತಂಭದ ಬೀಗ ತೋರಿಸಿ, ಚೀಟಿ ಕಿತ್ತು, "ತಪ್ಪಾಯ್ತಮ್ಮ" ಎಂದು ಒರೆಸಿ ಒಳಗಿಟ್ಟ. ನಾಲ್ಕು ಲೆನ್ಸುಗಳಿಗೆ ನಿಜವಾಗಿಯೇ ಪೊರೆ ಬಂದಿತ್ತು. ಅವಕ್ಕೂ ಕ್ಷಮೆ ಕೇಳಿದ, ಭೇದಭಾವ ಮಾಡಲಿಲ್ಲ.

ಜನವರಿಯಲ್ಲಿ ಮತ್ತೆ ಅಡ್ಡಗೋಡೆಯ ತುದಿಯ ಹಿಮಗಡ್ಡೆಯ ಮೇಲೆ ಒಂದು ಬಿಳಿ ಹಕ್ಕಿ ಬಂದು ಕೂತಿತು. ಮೊದಲು ನೋಡಿದವನು ಆರ್ವಿಡ್. ಈ ಸಲ ಅವನು ಸಂಘಕ್ಕೆಲ್ಲ ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಹನ್ನೆರಡು ಜನ ಕೂಡಿದರು, ಆಮೇಲೆ ಡುಲುತ್ ನಗರದಿಂದಲೂ ಎರಡು ಕಾರು ಬಂದವು. ಹಾರ್ಲನ್ ತನ್ನ ಫಿರಂಗಿಯಂಥ ಹೊಸ ಲೆನ್ಸ್ ಹೊತ್ತು ತಂದ. ಅದು ತಾನೇ ಹಕ್ಕಿಯ ಕಣ್ಣು ಹುಡುಕಿ ಹಿಡಿಯುವಂಥದ್ದು. ಆದರೆ ಹಿಮ ದಟ್ಟವಾಗಿ ಬೀಳುತ್ತಿತ್ತು. ಆ ಜಾಣ ಲೆನ್ಸು ಹಕ್ಕಿಯನ್ನು ಬಿಟ್ಟು ಎದುರಿಗೆ ಬೀಳುವ ಒಂದೊಂದು ಹಿಮದ ಹೂವನ್ನೂ ಹಿಡಿಯತೊಡಗಿತು. ಹಕ್ಕಿ ಕಾಲನ್ನು ಹೊಟ್ಟೆಯಡಿ ಮಡಚಿ, ಕೊಕ್ಕನ್ನು ರೆಕ್ಕೆಯೊಳಗೆ ತೂರಿಸಿ ಕೂತಿತ್ತು. ಹಾರ್ಲನ್ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, "ಐವರಿ ಗಲ್. ಅನುಮಾನವೇ ಇಲ್ಲ," ಎಂದ. ಆಮೇಲೆ ಆರ್ವಿಡ್‌ನ ಹತ್ತಿರ ಹೋಗಿ ಕೈಗವಸು ತೆಗೆದು ಕೈ ಕುಲುಕಿದ. ಅಷ್ಟು ಚಳಿಯಲ್ಲಿ ಹಾರ್ಲನ್ ಗವಸು ತೆಗೆದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಎಲ್ಲರೂ ಕಾಫಿ ಫ್ಲಾಸ್ಕಿನ ಸುತ್ತ ಸೇರಿದರು. ಆರ್ವಿಡ್ ಮಾತ್ರ ಕಣ್ಣು ಕೀಳದೆ ಬಳೆಯನ್ನು ಕೂದಲೆಳೆಯಷ್ಟು ಆಚೆ, ಈಚೆ ಮಾಡುತ್ತ ನಿಂತಿದ್ದ. ಆಗ ಹಕ್ಕಿ ಎದ್ದು ನಿಂತು, ಮೈಮುರಿದು, ಹಾರಿಹೋಯಿತು. ಅಷ್ಟರಲ್ಲಿ ಅವನು ಎರಡು ಚಿತ್ರ ತೆಗೆದಿದ್ದ.

ನಾವಿಬ್ಬರೇ ನನ್ನ ಕಾರಿನಲ್ಲಿ ಹೀಟರ್ ಹಾಕಿ ಕೂತು ಪರದೆಯಲ್ಲಿ ಚಿತ್ರ ದೊಡ್ಡದು ಮಾಡಿದೆವು. ಗರಿ ಗರಿಯೂ ಎಣಿಸುವಂತಿತ್ತು. ಕಾಲು ಗುಲಾಬಿ. ಕೊಕ್ಕು ಹಳದಿ, ಅದರ ಮೇಲೊಂದು ಕೆಂಪು ಬೊಟ್ಟು. ಅದು ಮೀನು ಮಾರುಕಟ್ಟೆಯಲ್ಲಿ ಚಿಪ್ಸ್ ಕದಿಯುವ ನಮ್ಮೂರ ಮಾಮೂಲಿ ಹಕ್ಕಿ ಹೆರಿಂಗ್ ಗಲ್, ಬಣ್ಣ ಕಳೆದುಕೊಂಡು ಹುಟ್ಟಿದ್ದು, ಅಷ್ಟೇ.

ಆರ್ವಿಡ್ ಎರಡನೇ ಚಿತ್ರ ತೆರೆದ. ಅದರಲ್ಲೂ ಗುಲಾಬಿ.

"ಅಳಿಸಿಬಿಡು," ಎಂದೆ ನಾನು. ಹೌದು, ಕಾರ್ಯದರ್ಶಿಯಾಗಿ ನಾನೇ ಹೇಳಿದೆ. "ಹಾರ್ಲನ್ನೇ ಒಪ್ಪಿದಾನೆ. ಇವತ್ತು ಸಂಜೆ ಬರೀತೀನಿ, ಮುಗೀತು. ಯಾರ ಗಂಟು ಹೋಗತ್ತೆ?"

"ಫೋಟೋ ಎಷ್ಟು ಚೆನ್ನಾಗಿ ಬಂದಿದೆ ನೋಡು," ಎಂದ ಅವನು.

"ಅದಕ್ಕೇ ಅಳಿಸು ಅಂದಿದ್ದು."

ಅವನು ಕ್ಯಾಮೆರಾವನ್ನು ಕೋಟಿನೊಳಗೆ ಇಟ್ಟುಕೊಂಡು ಇಳಿದು ಹೋದ.

ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಮರ್ನಾ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ್ದನ್ನು ದೊಡ್ಡ ತಟ್ಟೆಯಲ್ಲಿ ತಂದಿದ್ದಳು. ಹಾರ್ಲನ್ ಎದ್ದು ನಿಂತು, ಹನ್ನೊಂದು ವರ್ಷದ ಹಿಂದೆ ತಾನು ಸ್ವಲ್ಪ ಒರಟಾಗಿದ್ದೆನೇನೋ ಎಂದು ಗಂಟಲು ಸರಿಮಾಡಿಕೊಂಡ. ನಮ್ಮ ಕಡೆ ಇದಕ್ಕಿಂತ ದೊಡ್ಡ ಕ್ಷಮಾಪಣೆ ಇಲ್ಲ. ನಾನು ಪುಸ್ತಕ ಬಿಡಿಸಿ ಪೆನ್ನು ಹಿಡಿದೆ. ಜನ ಚಪ್ಪಾಳೆಗೆ ಕೈ ಎತ್ತಿದ್ದರು. ಆರ್ವಿಡ್ ಎದ್ದ. ಬಾಯಲ್ಲಿದ್ದ ಆಲೂಗಡ್ಡೆ ನುಂಗುವವರೆಗೆ ಎಲ್ಲರನ್ನೂ ಕಾಯಿಸಿದ.

"ಅದು ಐವರಿ ಗಲ್ ಅಲ್ಲ. ಹೆರಿಂಗ್ ಗಲ್. ಫೋಟೋ ಇದೆ."

ಹಾರ್ಲನ್ ಮುಖ ಕೆಂಪಾಯಿತು. "ಆರ್ವಿಡ್, ನಿನ್ನ ಫೋಟೋ ವಿಷ್ಯ ನಮಗೆಲ್ಲ ಗೊತ್ತಿರೋದೇ. ನಾನೇ ಕಣ್ಣಾರೆ ನೋಡಿದೀನಿ. ಕೂತ್ಕೊ, ಊಟ ಮಾಡು."

"ನೋಡಿ ಆಮೇಲೆ ಹೇಳು."

ಕ್ಯಾಮೆರಾ ಮೇಜಿನಿಂದ ಮೇಜಿಗೆ ಹೋಯಿತು. ನೋಡಿದವರೆಲ್ಲ ಒಂದೊಂದು ಸಲ ಆರ್ವಿಡ್‌ನ ಕಡೆ ನೋಡಿ ಮುಂದಕ್ಕೆ ಕೊಟ್ಟರು. ಕೊನೆಗೆ ಹಾರ್ಲನ್‌ನ ಕೈಗೆ ಬಂತು. ಅವನು ಕನ್ನಡಕ ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ಹಿಡಿದ.

"ಗುಲಾಬಿ," ಎಂದ. ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿ, "ಉಗುರು ಕೂಡ ಕಾಣ್ತಿದೆ," ಎಂದ.

ಮರ್ನಾ ಗಂಡನ ತಟ್ಟೆಗೆ ಕೇಳದೆಯೇ ಇನ್ನೊಂದು ದೊಡ್ಡ ಚಮಚ ಹಾಕಿದಳು. ಹಾರ್ಲನ್ ನನ್ನ ಮೇಜಿನ ಹತ್ತಿರ ಬಂದು ನಿಂತು ಬರೆಸತೊಡಗಿದ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. "ಐವರಿ ಗಲ್, ಅಂಗೀಕಾರವಿಲ್ಲ. ಹಕ್ಕಿ ಹೆರಿಂಗ್ ಗಲ್. ಅಧ್ಯಕ್ಷರು ಗುರುತಿಸಿದ್ದು ತಪ್ಪು. ಆಧಾರ, ಆರ್ವಿಡ್ ಸ್ಕೂಗ್ ತೆಗೆದ ಚಿತ್ರ. ಅವರು ಹೇಳಿದ್ದು ನಿಜ."

ಆರ್ವಿಡ್ ತಟ್ಟೆ ಹಿಡಿದುಕೊಂಡೇ ನನ್ನ ಬೆನ್ನ ಹಿಂದೆ ಬಂದ.

"ಏನ್ ಬರೆದೆ, ಓದು."

ಓದಿದೆ.

"ಕೊನೇದು ಇನ್ನೊಂದ್ಸಲ."

ಓದಿದೆ. ಮೂರನೇ ಸಲ ಕೇಳಿದಾಗ ಪುಸ್ತಕವನ್ನೇ ಅವನ ಕಡೆ ತಿರುಗಿಸಿಟ್ಟು, ಕಾಫಿ ಆರಿದೆ ಎಂದು ಹೇಳಿ ಮೂಗು ಒರೆಸಿಕೊಳ್ಳಲು ಅಡುಗೆಮನೆಗೆ ಹೋದೆ.